ಪುಟ ನೂರ ನಲವತ್ತಮೂರು

ಬೆಳಿಗ್ಗೆ ನಾವು, ಹುಡುಗಿಯರು. ಮಧ್ಯಾಹ್ನ ಅದೇ ಬೆಂಚಿಗೆ ಹುಡುಗರು.
ಹನ್ನೆರಡೂ ಮುಕ್ಕಾಲಿಗೆ ಗೇಟಿನಲ್ಲಿ ಹಳದಿ ಬಸ್ಸುಗಳು
ಮೈಗೆ ಮೈ ಉಜ್ಜುವಷ್ಟು ಹತ್ತಿರ ಹಾಯುತ್ತವೆ,
ಗಾಜಿಗೆ ಒತ್ತಿದ ಹಣೆಗಳು ಗಾಜಿಗೆ ಒತ್ತಿದ ಹಣೆಗಳನ್ನು ಕಾಣುತ್ತವೆ,
ಅಷ್ಟೇ ಪರಿಚಯ.
ಶಾರ್ಜಾದ ಆ ಶಾಲೆಯಲ್ಲಿ ಕಾದಂಬರಿಗೂ ಎರಡು ಪಾಳಿ:
ಮೂವತ್ತು ಪ್ರತಿ, ಮೇಜಿನೊಳಗೇ ವಾಸ, ಮನೆಗೊಯ್ಯುವಂತಿಲ್ಲ.

ಕತೆ ಹಿಮದ ಊರಿನ ಹುಡುಗನದು. ಒಂದು ಮುದಿ ಕುದುರೆ.
ಅಪ್ಪ ದೋಣಿ ದಾಟಿಸುವವನು, ಹೊಳೆ ಹೆಪ್ಪುಗಟ್ಟಿದರೆ ಕೂಲಿಯಿಲ್ಲ.
ಹೊಳೆ ಹೆಪ್ಪುಗಟ್ಟುವುದೆಂದರೆ? ಕೇಳಿದಳು ಮೆಹರೀನ್.
ಲಿಲ್ಲಿಕುಟ್ಟಿ ಮಿಸ್ಸು ಏಸಿಯ ಕಡೆ ಕೈ ತೋರಿದರು,
ಏಸಿ ಗೊರಗೊರ ಅಂದು ಒಂದು ಹನಿ ಉದುರಿಸಿತು.

"ಯಾವ ಪುಟದಲ್ಲಿ ಅವನು ದೊಡ್ಡವನಾದ, ಹುಡುಕಿ."
ನಾನದನ್ನು ತಲೆಯೊಳಗೆ ಕನ್ನಡಕ್ಕೆ ತಿರುಗಿಸಿ ನಕ್ಕೆ.
ನಮ್ಮಲ್ಲಿ ದೊಡ್ಡವಳಾಗಲು ಪುಟ ಬೇಡ,
ಹೋದ ಸೆಪ್ಟೆಂಬರಿನ ಒಂದು ಗುರುವಾರ ಸಾಕಾಯಿತು;
ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ
ಬೈಂದೂರಿಗೆ ಫೋನು ಮಾಡಿದಳು: ದೊಡ್ಡವಳಾದಳು.
ಪ್ಲೈವುಡ್ಡಿನಾಚೆ, ಫ್ಲ್ಯಾಟು ಹಂಚಿಕೊಂಡವರ ಟೀವಿ
ತಟಕ್ಕನೆ ದನಿ ತಗ್ಗಿಸಿತು.
ಅವನಿಗೆ ಇನ್ನೂರ ಹತ್ತು ಪುಟ ಬೇಕಂತೆ, ಪಾಪ.

ನೂರ ನಲವತ್ತಮೂರರಲ್ಲಿ ನಾಲ್ಕು ಸಾಲಿಗೆ ಕಪ್ಪು ಮಾರ್ಕರು.
ಮೂವತ್ತೂ ಪ್ರತಿಯಲ್ಲಿ, ಅದೇ ಕೈ, ಅದೇ ತಾಳ್ಮೆ.
ಮುತ್ತು ಇರಬೇಕು, ಅಂದಳು ಹಿಂದಿನ ಬೆಂಚಿನ ದಿಲ್ನಾ.
ಹಂದಿ ಇರಬೇಕು, ಅಂದಳು ಮೆಹರೀನ್.
"ಅಲ್ಲಿಂದ ಪ್ರಶ್ನೆ ಬರುವುದಿಲ್ಲ." ಮಿಸ್ಸು ಪುಟ ಮಗುಚಿದರು.

ಮಾರನೇ ದಿನ ಅಂಚಿನಲ್ಲಿ ಪೆನ್ಸಿಲು:
"ಕಿಟಕಿಗೆ ಹಿಡಿ. ಮೊದಲ ಪದ, ಅಪ್ಪ."
ಮಧ್ಯಾಹ್ನದವನು. ಎಫ್ ಅಕ್ಷರಕ್ಕೆ ಗಾಳಿಪಟದ ಬಾಲ.
ಹಿಡಿದೆ. ಬಿಸಿಲು ಮಸಿಯ ಹಿಂದೆ ನಿಂತು
ನನಗೊಂದು ಪದ ಕೊಟ್ಟಿತು: "ಸುರಿದ."
ಬರೆದಿಟ್ಟು ಬಸ್ಸು ಹತ್ತಿದೆ.
ಅವನು, "ವೈನ್." ನಾನು, "ನನ್ನ ಲೋಟಕ್ಕೂ." ಅವನು, "ಅರ್ಧ."
ದೂಳು ಎದ್ದ ದಿನ ಬೆಳಕಿಲ್ಲ, ಪದವೂ ಇಲ್ಲ.
ಒಂದು ಪದಕ್ಕೆ ವಾರವಿಡೀ ಜಗಳವಾಡಿದೆವು
ರಬ್ಬರಿಗೆ ಅಂಚು ತೆಳುವಾಗುವ ತನಕ.
ಕೊನೆಗೆ ಕೂಡಿತು:
ಅಪ್ಪ ವೈನ್ ಸುರಿದ, ನನ್ನ ಲೋಟಕ್ಕೂ ಅರ್ಧ.
ಮೊದಲ ಸಲ ಕೇಳಿದ, ಏನು ಮಾಡೋಣ, ನೀನು ಹೇಳು.
ಆಮೇಲೆ ಹುಡುಗ ಹೇಳಿದ್ದು ಮಾತ್ರ ತಿಳಿಯಲಿಲ್ಲ.
ಮಾರ್ಕರಿನವನು ಅಲ್ಲಿ ಎರಡು ಸಲ ಎಳೆದಿದ್ದ.

ಆ ವಾರವೇ ಅಪ್ಪ ಟಯರಿನ ಗೋದಾಮಿನಿಂದ ಬೇಗ ಬಂದ.
ಅಂಗೈಯಲ್ಲಿ ಟಯರಿನ ವಾಸನೆ, ಜೇಬಲ್ಲಿ ಅರಬ್ಬಿಯ ಕಾಗದ.
ಅಮ್ಮನಿಗೆ ಕೊಡಲಿಲ್ಲ. ನನ್ನ ಮುಂದೆ ಬಿಡಿಸಿಟ್ಟ,
ಕರಿ ಚಹಾ ಎರಡು ಲೋಟಕ್ಕೆ ಹೊಯ್ದ.
"ಎಂತ ಬರ್ದಿರ್, ಕಾಣ್ ಕಾಂಬ."
ಬಲದಿಂದ ಎಡಕ್ಕೆ ಬೆರಳೋಡಿಸಿದೆ. ಸಿಕ್ಕಿದ್ದು ಮೂರೇ ಪದ:
ಕಂಪನಿ. ವೀಸಾ. ಶಹ್ರೈನ್.
ಅರಬ್ಬಿಯಲ್ಲಿ ಎರಡಕ್ಕೆ ಬೇರೆಯೇ ರೂಪ: ಎರಡು ಕಣ್ಣು, ಎರಡು ಕೈ,
ಎರಡು ತಿಂಗಳು.
ಪರೀಕ್ಷೆಯಲ್ಲಿ ಅದಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು.
ಅಪ್ಪ ನನ್ನ ಮುಖ ಓದುತ್ತಿದ್ದ, ಯಾವ ಕಡೆಯಿಂದಲೋ.
ಚಹಾ ಕುಡಿದೆ. ಸಕ್ಕರೆ ಹಾಕಲು ಮರೆತಿದ್ದ.
"ಎಂತ ಮಾಡುವ?" ಅಂದ.

ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚಿನಲ್ಲಿ ಪ್ರಶ್ನೆ ಬಂತು, ಎರಡು ಅಂಕಕ್ಕೆ.
ಎಲ್ಲರಂತೆ ಕುದುರೆ ಸತ್ತ ಪುಟ ಬರೆದೆ; ಒಂದೂವರೆ ಸಿಕ್ಕಿತು.
ಪ್ರತಿಗಳು ಕಪಾಟಿಗೆ ಮರಳುವ ಮೊದಲು
ಪೆನ್ಸಿಲೆಲ್ಲ ಅಳಿಸಬೇಕೆಂದು ಆಜ್ಞೆ.
ಅಳಿಸಿದೆ, ನನ್ನದೂ ಅವನದೂ.
ಅರ್ಧ ಎನ್ನುವಲ್ಲಿ ಎಫ್‌ನ ಬಾಲ
ಕಪ್ಪು ಪಟ್ಟಿಯೊಳಕ್ಕೇ ಇಳಿದುಹೋಗಿತ್ತು.
ರಬ್ಬರು ಹಿಡಿದು ಕೂತಿದ್ದೆ.
ಗೇಟಿನಲ್ಲಿ ಹಾರ್ನು.